ಎರೆ ನೆಲದ ಮೇಲೆ ಮೂವತ್ತು ವರ್ಷ

ಕಾಂಕ್ರೀಟ್ ಹೆದ್ದಾರಿಗೆ 30 ವರ್ಷ ಆಯುಷ್ಯ ಎಂಬ ಮಾತು ಈಗ ಯಾರೂ ಪ್ರಶ್ನಿಸದಷ್ಟು ಗಟ್ಟಿಯಾಗಿ ಬೇರೂರಿದೆ. ರಾಯಚೂರು ಜಿಲ್ಲೆಯಲ್ಲಿ ಡಾಂಬರು ಕಿತ್ತು ತಗ್ಗು ಬಿದ್ದ ಕಡೆಯಲ್ಲೆಲ್ಲ ಏಳುವ ಬೇಡಿಕೆ ಒಂದೇ: ಸಿಸಿ ರಸ್ತೆ ಹಾಕಿ, ಒಮ್ಮೆ ಹಾಕಿದರೆ ಒಂದು ತಲೆಮಾರು ಅತ್ತ ತಿರುಗಿ ನೋಡಬೇಕಾಗಿಲ್ಲ. ಗ್ರಾಮಸಭೆಯಲ್ಲೂ ಇದೇ ಮಾತು, ಭೂಮಿಪೂಜೆಯ ಭಾಷಣದಲ್ಲೂ ಇದೇ ಮಾತು. 2014ರ ನಂತರ ಕೇಂದ್ರದ ಹೆದ್ದಾರಿ ಸಚಿವಾಲಯವೂ ಕಾಂಕ್ರೀಟಿನತ್ತ ವಾಲಿದ್ದರಿಂದ ಈ ನಂಬಿಕೆಗೆ ಅಧಿಕಾರದ ಮುದ್ರೆಯೂ ಬಿದ್ದಿದೆ. ಈ ನಂಬಿಕೆ ತಪ್ಪು. ರಾಯಚೂರು, ಮಾನ್ವಿ, ದೇವದುರ್ಗದ ಎರೆ ಸೀಮೆಯಲ್ಲಂತೂ ದುಬಾರಿ ತಪ್ಪು. ಕಾಂಕ್ರೀಟ್ ರಸ್ತೆಯ ಬಾಳಿಕೆಯನ್ನು ತೀರ್ಮಾನಿಸುವುದು ಸ್ಲ್ಯಾಬಿನ ಕೆಳಗಿನ ನೆಲ, ಸ್ಲ್ಯಾಬುಗಳ ನಡುವಿನ ಸಂದು, ಇವೆರಡಕ್ಕೂ ಇಳಿಯುವ ನೀರು. ಈ ಮೂರನ್ನು ವರ್ಷವರ್ಷ ಅಳೆದು ಬರೆದಿಡದವರು 30 ವರ್ಷದ ಭರವಸೆ ಕೊಡುವುದಕ್ಕೆ ಆಧಾರವೇ ಇಲ್ಲ.

ಮೊದಲು ಆ 30 ಎಂಬ ಅಂಕಿ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಸಂದುಗಳಿರುವ ಕಾಂಕ್ರೀಟ್ ಹೆದ್ದಾರಿಯ ದಪ್ಪವನ್ನು ಲೆಕ್ಕ ಹಾಕಲು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:58 ಎಂಬ ಮಾರ್ಗಸೂಚಿಯಿದೆ. 1974ರಲ್ಲಿ ಮೊದಲು ಬಂದು, ಹಲವು ಸಲ ತಿದ್ದುಪಡಿಯಾಗಿ, 2015ರಲ್ಲಿ ಈಗಿನ ರೂಪ ಪಡೆದ ಈ ಪುಸ್ತಕ ವಿನ್ಯಾಸದ ಅವಧಿಯನ್ನು 30 ವರ್ಷ ಎಂದು ಇಟ್ಟುಕೊಳ್ಳಲು ಹೇಳುತ್ತದೆ. ಎಂದರೆ, ಇಂದಿನ ಲಾರಿಗಳ ಸಂಖ್ಯೆಗೆ ಪ್ರತಿವರ್ಷದ ಏರಿಕೆಯನ್ನು ಸೇರಿಸಿ 30 ವರ್ಷದಲ್ಲಿ ಎಷ್ಟು ಅಚ್ಚುಗಳು ದಾಟಿಯಾವು ಎಂದು ಕೂಡಿಸಿ, ಅಷ್ಟಕ್ಕೆ ಸಾಲುವ ದಪ್ಪ ಕಂಡುಹಿಡಿಯಿರಿ ಎಂದರ್ಥ. 30 ಎಂಬುದು ಲೆಕ್ಕಕ್ಕೆ ಹಾಕುವ ಅಂಕಿ. ಲೆಕ್ಕದಿಂದ ಹೊರಬಂದ ಉತ್ತರವಲ್ಲ. ರೈತ ಎಕರೆಗೆ ಇಷ್ಟು ಚೀಲ ಬರಲೆಂದು ಗೊಬ್ಬರ ಲೆಕ್ಕ ಹಾಕಿದ ಮಾತ್ರಕ್ಕೆ ಅಷ್ಟು ಚೀಲ ಕಣಕ್ಕೆ ಬಂದಂತಲ್ಲ. ಇದೇ ರಸ್ತೆ ಕಾಂಗ್ರೆಸ್ ಕಾಂಕ್ರೀಟ್ ರಸ್ತೆಗಳ ನಿರ್ವಹಣೆ, ದುರಸ್ತಿ, ಪುನಶ್ಚೇತನಕ್ಕೆಂದೇ ಐಆರ್‌ಸಿ:ಎಸ್‌ಪಿ:83 ಎಂಬ ಇನ್ನೊಂದು ಪುಸ್ತಕವನ್ನು 2008ರಲ್ಲಿ ತಂದು 2018ರಲ್ಲಿ ಪರಿಷ್ಕರಿಸಿತು. ದುರಸ್ತಿಯೇ ಬೇಡದ ರಸ್ತೆಗೆ ದುರಸ್ತಿಯ ಪುಸ್ತಕ ಏಕೆ ಬೇಕಿತ್ತು? ಮೊದಲ ಪುಸ್ತಕದಿಂದ ಒಂದು ಅಂಕಿಯನ್ನು ಮಾತ್ರ ಎತ್ತಿಕೊಂಡು ಎರಡನೆಯ ಪುಸ್ತಕವನ್ನು ಕಪಾಟಿನಲ್ಲೇ ಬಿಟ್ಟವರು ಊರೂರಿಗೆ ಈ ಭರವಸೆ ಹಂಚಿದ್ದಾರೆ.

ಆ ಲೆಕ್ಕದ ಒಳಗಿರುವುದು ಆಯಾಸದ ಲೆಕ್ಕ. ಲಾರಿ ಏರಿದಾಗ ಸ್ಲ್ಯಾಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಒಂದು ಮೈಯಲ್ಲಿ ಎಳೆತ ಹುಟ್ಟುತ್ತದೆ. ಹುಟ್ಟಿದ ಎಳೆತವನ್ನು ಆ ಕಾಂಕ್ರೀಟು ಬಾಗುವಾಗ ತಾಳಬಲ್ಲ ಗರಿಷ್ಠ ಎಳೆತದಿಂದ ಭಾಗಿಸಿದರೆ ಸಿಗುವುದೇ ಒತ್ತಡ ಅನುಪಾತ. ಅದು 0.45ಕ್ಕಿಂತ ಕಡಿಮೆಯಿದ್ದರೆ ಎಷ್ಟು ಲಾರಿ ಓಡಿದರೂ ಸ್ಲ್ಯಾಬು ದಣಿಯುವುದಿಲ್ಲ ಎಂದು ಐಆರ್‌ಸಿ:58 ಹಿಡಿಯುತ್ತದೆ. ಕಾಂಕ್ರೀಟಿನ ಪರ ವಾದಿಸುವವರಿಗೆ ಪ್ರಿಯವಾದ ಭಾಗ ಇದು. ಮುಂದಿನ ಸಾಲುಗಳನ್ನು ಅವರು ಓದುವುದಿಲ್ಲ. ಅನುಪಾತ 0.50 ಆದರೆ ಸ್ಲ್ಯಾಬು ತಾಳುವುದು ಸುಮಾರು 7.6 ಲಕ್ಷ ಹೊಡೆತ, 0.55 ಆದರೆ ಸುಮಾರು 1.24 ಲಕ್ಷ, 0.60 ಆದರೆ 31 ಸಾವಿರದ ಆಸುಪಾಸು, 0.70ಕ್ಕೆ ಎರಡು ಸಾವಿರವೂ ಇಲ್ಲ. ಎಳೆತ ಐದರಲ್ಲೊಂದು ಪಾಲು ಹೆಚ್ಚಿದರೆ ಆಯುಷ್ಯ ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಯುತ್ತದೆ. ಡಾಂಬರು ಮೆಲ್ಲಮೆಲ್ಲನೆ ಕೆಡುತ್ತದೆ, ಕೆಡುವುದು ಕಾಣುತ್ತದೆ, ಮೇಲೊಂದು ಪದರ ಹಾಕಿ ಉಳಿಸಿಕೊಳ್ಳಬಹುದು. ಕಾಂಕ್ರೀಟು ವರ್ಷಗಟ್ಟಲೆ ಏನೂ ಆಗದಂತೆ ಇದ್ದು, ಕೆಳಗಿನ ಆಧಾರ ತಪ್ಪಿದ ಮೇಲೆ ಒಂದೆರಡು ಮಳೆಗಾಲದಲ್ಲೇ ಸೀಳಿಬಿಡುತ್ತದೆ. ಐದನೆಯ ವರ್ಷ ಕಾಂಕ್ರೀಟ್ ರಸ್ತೆ ಚೆನ್ನಾಗಿ ಕಾಣುತ್ತಿದೆ ಎಂಬುದು ಹದಿನೈದನೆಯ ವರ್ಷದ ಬಗ್ಗೆ ಬಹುತೇಕ ಏನನ್ನೂ ಹೇಳುವುದಿಲ್ಲ. ಆದರೂ ಐದನೆಯ ವರ್ಷದ ಚೆಲುವನ್ನೇ ಸಾಕ್ಷಿಯಾಗಿ ತೋರಿಸಲಾಗುತ್ತಿದೆ.

ಎಳೆತವನ್ನು 0.45ರ ಕೆಳಗೆ ಹಿಡಿದಿಡುವುದು ಯಾವುದು? ದಪ್ಪ ಒಂದು, ಕಾಂಕ್ರೀಟಿನ ಬಲ ಇನ್ನೊಂದು, ಮೂರನೆಯದು ಸ್ಲ್ಯಾಬಿನ ಇಡೀ ತಳ ನೆಲಕ್ಕೆ ಕೂಡಿಕೊಂಡಿರುವುದು. 1926ರಲ್ಲಿ ವೆಸ್ಟರ್‌ಗಾರ್ಡ್ ಕೊಟ್ಟ ಸಿದ್ಧಾಂತದಿಂದ ಇಂದಿನ ಗಣಕ ಲೆಕ್ಕದವರೆಗೆ ನೆಲವನ್ನು ಒಂದೇ ಬಿಗಿಯ ಸ್ಪ್ರಿಂಗುಗಳ ಹಾಸಿಗೆಯಂತೆ ಭಾವಿಸಲಾಗುತ್ತದೆ. ಹಾಸಿಗೆಯ ಒಂದು ಮೂಲೆ ಖಾಲಿಯಾದರೆ ಆ ಮೂಲೆಯ ಸ್ಲ್ಯಾಬು ಗೋಡೆಯಿಂದ ಚಾಚಿದ ಹಲಗೆಯಂತೆ ನೇತಾಡುತ್ತದೆ. ಎಂ40 ದರ್ಜೆಯ ಕಾಂಕ್ರೀಟು, 30 ಸೆಂ.ಮೀ. ದಪ್ಪ ಎಲ್ಲ ಸರಿಯಿದ್ದೂ ಅಲ್ಲಿಗೆ ಲೆಕ್ಕ ಮುಗಿಯಿತು.

ರಾಯಚೂರು ಸೀಮೆಯಲ್ಲಿ ಆ ಹಾಸಿಗೆ ಎಂಥದು ಎಂಬುದನ್ನು ಹೊಲಕ್ಕಿಳಿದ ಯಾರಾದರೂ ಹೇಳಬಲ್ಲರು. ಬೇಸಿಗೆಯಲ್ಲಿ ಎರೆ ಹೊಲ ಮೊಣಕೈವರೆಗೆ ತೋಳು ಇಳಿಯುವಷ್ಟು ಸೀಳು ಬಿಡುತ್ತದೆ. ಮಳೆ ಬಿದ್ದರೆ ಆ ಸೀಳುಗಳು ಮುಚ್ಚಿ ನೆಲವೇ ಉಬ್ಬುತ್ತದೆ. ಈ ಗುಣವನ್ನು ಅಳೆಯುವ ಪರೀಕ್ಷೆ ಸರಳವಾದದ್ದು. ಜರಡಿ ಹಿಡಿದ, ಒಣಗಿಸಿದ ಹತ್ತು ಗ್ರಾಂ ಮಣ್ಣನ್ನು ನೂರು ಮಿಲಿಲೀಟರಿನ ಗಾಜಿನ ಅಳತೆ ಕೊಳವೆಗೆ ಹಾಕಿ ನೀರು ತುಂಬುವುದು. ಇನ್ನೊಂದು ಹತ್ತು ಗ್ರಾಂ ಮಣ್ಣನ್ನು ಅಂಥದೇ ಕೊಳವೆಗೆ ಹಾಕಿ ಸೀಮೆಎಣ್ಣೆ ತುಂಬುವುದು. ಒಂದು ದಿನ ಬಿಟ್ಟು ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು ಹಾಗೇ ತಳದಲ್ಲಿ ಕೂತಿರುತ್ತದೆ, ನೀರಿನಲ್ಲಿ ಊದಿಕೊಂಡು ಮೇಲಕ್ಕೇರಿರುತ್ತದೆ. ಸೀಮೆಎಣ್ಣೆಯಲ್ಲಿ 10 ಗೆರೆಗೆ ನಿಂತದ್ದು ನೀರಿನಲ್ಲಿ 15 ಗೆರೆಗೆ ಬಂದರೆ ಮುಕ್ತ ಉಬ್ಬು ಶೇ. 50. ಅದನ್ನು ಮೀರಿದ ಮಣ್ಣನ್ನು ರಸ್ತೆಯ ಏರಿಗೆ ತುಂಬಲೇಬಾರದು ಎಂದು ಸಚಿವಾಲಯದ ನಿರ್ದಿಷ್ಟತೆ ಹೇಳುತ್ತದೆ. ಎರಡು ಕೊಳವೆ, ಒಂದು ದಿನ, ಅಷ್ಟೇ ಖರ್ಚು. ಕಾಂಕ್ರೀಟಿನ ಘನಗಳನ್ನು ಯಂತ್ರದಲ್ಲಿಟ್ಟು ಒಡೆಯುವುದಕ್ಕೆ ಸಿಗುವ ಮರ್ಯಾದೆಯ ಕಾಲುಭಾಗವೂ ಈ ಪರೀಕ್ಷೆಗೆ ಸಿಗುವುದಿಲ್ಲ.

ಸ್ಲ್ಯಾಬು ಭಾರವಾಗಿದೆ, ಉಬ್ಬುವ ನೆಲವನ್ನು ಅದುಮಿ ಹಿಡಿಯುತ್ತದೆ ಎಂಬ ವಾದವೂ ಚಾಲ್ತಿಯಲ್ಲಿದೆ. 30 ಸೆಂ.ಮೀ. ದಪ್ಪದ ಸ್ಲ್ಯಾಬು ಒಂದು ಚದರ ಮೀಟರಿಗೆ ತೂಗುವುದು ಸುಮಾರು 720 ಕಿಲೋ. ಕೆಳಗಿನ ಪದರಗಳನ್ನೂ ಸೇರಿಸಿಕೊಂಡರೂ ಒಂದೆರಡು ಟನ್. ಎರೆ ಮಣ್ಣು ಉಬ್ಬುವಾಗ ಅದೇ ಚದರ ಮೀಟರಿನಲ್ಲಿ ಒತ್ತುವ ಬಲ ಹಲವು ಟನ್. ಹಾಗಾಗಿ ಅದುಮುವ ಮಾತೇ ಏಳುವುದಿಲ್ಲ. ಈ ಪಾಠ ಕರ್ನಾಟಕ ಹೊಸದಾಗಿ ಕಲಿಯಬೇಕಾದದ್ದೂ ಅಲ್ಲ. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆ ನೆಲದಲ್ಲಿ ಹಾದಾಗ ಅವುಗಳ ಹೊದಿಕೆ ಎದುರಿಸಿದ್ದು ಇದೇ ಉಬ್ಬುವಿಕೆಯನ್ನು. ಮುಂಬಯಿಯ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಅವರ ಸಂಶೋಧನೆ ಅದಕ್ಕೆ ಉತ್ತರ ಕೊಟ್ಟಿತು: ಎರೆಗೂ ಹೊದಿಕೆಗೂ ನಡುವೆ ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಸುಮಾರು ಒಂದು ಮೀಟರ್ ಪದರ ಹಾಕಿ ದಮ್ಮಸು ಮಾಡುವುದು. ಮುಂದೆ ಅದು ಉಬ್ಬುವ ಮಣ್ಣಿನ ಕಾಲುವೆ ಹೊದಿಕೆಯ ಭಾರತೀಯ ಮಾನಕಕ್ಕೂ ಸೇರಿತು. ಕಾಲುವೆಯ ಹೊದಿಕೆಯೆಂದರೆ ಎರೆ ನೆಲದ ಮೇಲೆ ಮಲಗಿಸಿದ ಕಾಂಕ್ರೀಟ್ ಹಾಸೇ ತಾನೆ? ನೀರಾವರಿ ಇಲಾಖೆಯ ಕಾಂಕ್ರೀಟಿಗೆ ಬೇಕಾದ ಉಬ್ಬದ ಪದರ ರಸ್ತೆಯ ಕಾಂಕ್ರೀಟಿಗೆ ಬೇಡ ಎನ್ನುವುದಕ್ಕೆ ನೆಲ ಒಪ್ಪುವುದಿಲ್ಲ. ಅಂದಾಜುಪಟ್ಟಿ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಮಾತ್ರ ಈ ಕಾಣದ ಗರಸಿನ ಪದರಕ್ಕೇ. ಮೇಲಿನ ಕಾಂಕ್ರೀಟಿನ ದಪ್ಪಕ್ಕೆ ಯಾರೂ ಕೈ ಹಚ್ಚುವುದಿಲ್ಲ, ಏಕೆಂದರೆ ಅದನ್ನು ಕೊರೆದು ಅಳೆಯುತ್ತಾರೆ.

ಎರೆಯೊಂದೇ ಆಗಿದ್ದರೆ ಕಷ್ಟ ಅರ್ಧವಿರುತ್ತಿತ್ತು. ಮಾನ್ವಿ ತಾಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ. 1953ರಲ್ಲಿ ಮುಗಿದ ಅಣೆಕಟ್ಟೆಯಿಂದ ಹೊರಟು ಸುಮಾರು 227 ಕಿ.ಮೀ. ಹರಿಯುವ ಈ ಕಾಲುವೆ ಒಣ ಬೇಸಾಯದ ಸೀಮೆಯನ್ನು ಭತ್ತದ ಸೀಮೆಯಾಗಿ ಬದಲಿಸಿತು. ದೇವದುರ್ಗದ ಕಡೆಗೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬಂತು. ಬದುಕು ಹಸನಾಯಿತು, ರಸ್ತೆಯ ಕೆಳಗಿನ ತೇವದ ಲೆಕ್ಕವೂ ಬದಲಾಯಿತು. ಒಂದು ಬದಿಗೆ ತಿಂಗಳುಗಟ್ಟಲೆ ನೀರು ನಿಂತ ಭತ್ತದ ಗದ್ದೆ, ಇನ್ನೊಂದು ಬದಿಗೆ ಒಣಗಿದ ತೊಗರಿ ಹೊಲ, ನಡುವೆ ರಸ್ತೆ: ಈ ಚಿತ್ರ ಇಲ್ಲಿ ಹೊಸದೇನಲ್ಲ. ರಸ್ತೆಯ ನಡುಭಾಗದ ಕೆಳಗೆ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಏಕೆಂದರೆ ಸ್ಲ್ಯಾಬು ಮುಚ್ಚಳದಂತೆ ಕೂತಿದೆ. ಅಂಚಿನ ಕೆಳಗೆ ಹಾಗಲ್ಲ. ಕಾಲುವೆಗೆ ನೀರು ಬಿಟ್ಟಾಗ ಗದ್ದೆಯ ಕಡೆಯ ಅಂಚು ಉಬ್ಬಿ ಎದ್ದರೆ, ಬೇಸಿಗೆಗೆ ನೀರು ನಿಂತಾಗ ಅದೇ ಅಂಚು ಕುಗ್ಗುತ್ತದೆ. ರಸ್ತೆ ಬದಿಗೆ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿ ಬೇಸಿಗೆಯಲ್ಲಿ ಬೇರು ಚಾಚಿ ಅಂಚಿನ ತೇವವನ್ನು ಇನ್ನಷ್ಟು ಹೀರುತ್ತದೆ. ವರ್ಷಕ್ಕೊಮ್ಮೆ ಏರಿಳಿಯುವ ಅಂಚು, ಏರಿಳಿಯದ ನಡು. ಇವೆರಡರ ನಡುವೆ, ಅಂಚಿಗೆ ಸಮಾನಾಂತರವಾಗಿ, ಉದ್ದಕ್ಕೆ ಸೀಳು ಬೀಳುತ್ತದೆ. ಎರೆ ನೆಲದ ಡಾಂಬರು ರಸ್ತೆಯಲ್ಲಿ ಬೀಳುವುದು ಇದೇ ಸೀಳು. ಕಾಂಕ್ರೀಟು ಅದನ್ನು ತಡೆಯುವುದಿಲ್ಲ, ತಡವಾಗಿ ತೋರಿಸುತ್ತದೆ; ತೋರಿಸುವ ಹೊತ್ತಿಗೆ ಸ್ಲ್ಯಾಬು ಎರಡು ತುಂಡು.

ಇನ್ನು ಸಂದು. ಕಾಂಕ್ರೀಟ್ ಹೆದ್ದಾರಿಯಲ್ಲಿ ಸಾಮಾನ್ಯವಾಗಿ 4.5 ಮೀಟರಿಗೊಂದು ಅಡ್ಡ ಸಂದು. ಹಾಸಿದ ಕೆಲವೇ ಗಂಟೆಗಳಲ್ಲಿ ಸ್ಲ್ಯಾಬಿನ ದಪ್ಪದ ಮೂರರಲ್ಲೊಂದೋ ನಾಲ್ಕರಲ್ಲೊಂದೋ ಪಾಲು ಆಳಕ್ಕೆ ಗರಗಸ ಹಾಕುತ್ತಾರೆ. ಕಾಂಕ್ರೀಟು ಕುಗ್ಗುವಾಗ ಆ ಗೆರೆಯಲ್ಲೇ ಸೀಳಲಿ ಎಂಬುದು ಉದ್ದೇಶ. ಒಂದು ಸ್ಲ್ಯಾಬಿನ ಭಾರವನ್ನು ಮುಂದಿನದಕ್ಕೆ ದಾಟಿಸಲು ಒಳಗೆ ನುಣುಪಾದ ದಪ್ಪ ಡೋವೆಲ್ ಸರಳುಗಳು. ಮೇಲೆ ನೀರು ಇಳಿಯದಂತೆ ಸೀಲಂಟ್. ಏಳು ಮೀಟರ್ ಅಗಲದ ಹತ್ತು ಕಿಲೋಮೀಟರ್ ರಸ್ತೆಯಲ್ಲಿ ಇಂಥ ಅಡ್ಡ ಸಂದುಗಳು 2,200ಕ್ಕೂ ಹೆಚ್ಚು. ನಡುವಿನ ಉದ್ದ ಸಂದನ್ನೂ ಸೇರಿಸಿದರೆ ಸೀಲಂಟಿನ ಒಟ್ಟು ಉದ್ದ 25 ಕಿ.ಮೀ. ದಾಟುತ್ತದೆ. ಬಿಸಿಲಿಗೆ ಗಟ್ಟಿಯಾಗಿ, ಅಂಟು ಬಿಟ್ಟು ಕಿತ್ತುಬರುವ ಈ ಸೀಲಂಟನ್ನು 30 ವರ್ಷದಲ್ಲಿ ಹಲವು ಸಲ ಹೊಸದಾಗಿ ತುಂಬಬೇಕು. ತಿರುಗಿ ನೋಡಬೇಕಾಗಿಲ್ಲ ಎನ್ನುವವರು ಆ 25 ಕಿಲೋಮೀಟರನ್ನು ಮರೆತಿದ್ದಾರೆ.

ಸೀಲಂಟ್ ಕಿತ್ತ ಒಂದು ಸಂದಿನಲ್ಲಿ ಮಳೆಗಾಲದ ರಾತ್ರಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಸಂದಿನಿಂದ ಇಳಿದ ನೀರು ಸ್ಲ್ಯಾಬಿಗೂ ಅದರ ತಳಪದರಕ್ಕೂ ನಡುವೆ ತೆಳ್ಳಗೆ ನಿಂತಿರುತ್ತದೆ. ಭತ್ತದ ಲಾರಿ ಬರುತ್ತದೆ. ಅದರ ಗಾಲಿ ಹಿಂದಿನ ಸ್ಲ್ಯಾಬಿನ ತುದಿಗೆ ಬಂದಾಗ ಆ ತುದಿ ಮೆಲ್ಲಗೆ ತಗ್ಗಿ, ಕೆಳಗಿನ ನೀರನ್ನು ಮುಂದಿನ ಸ್ಲ್ಯಾಬಿನ ಅಡಿಗೆ ನೂಕುತ್ತದೆ. ಮರುಕ್ಷಣ ಗಾಲಿ ಸಂದು ದಾಟಿ ಮುಂದಿನ ಸ್ಲ್ಯಾಬಿಗೆ ಬೀಳುತ್ತದೆ; ಅದು ಪಟ್ಟನೆ ತಗ್ಗಿ ಆ ನೀರನ್ನು ರಭಸದಿಂದ ಹಿಂದಕ್ಕೆ ಎಸೆಯುತ್ತದೆ. ಎಸೆದ ನೀರಿನ ಜೊತೆ ನುಣ್ಣನೆಯ ಮಣ್ಣೂ ಹೋಗುತ್ತದೆ. ಒಂದು ಪಾಲು ಹಿಂದಿನ ಸ್ಲ್ಯಾಬಿನ ಅಡಿಯಲ್ಲಿ ಕೂರುತ್ತದೆ, ಇನ್ನೊಂದು ಪಾಲು ಅಂಚಿನಿಂದ ಹೊರಗೆ ಚಿಮ್ಮುತ್ತದೆ. ಬೆಳಿಗ್ಗೆ ನೋಡಿದರೆ ಬಿಳಿಚಿದ ಕಾಂಕ್ರೀಟಿನ ಅಂಚಿನಲ್ಲಿ ಬೀಸಣಿಗೆಯಂತೆ ಹರಡಿದ ಕಪ್ಪು ಕಲೆ. ಸಾವಿರಾರು ಗಾಲಿಗಳ ನಂತರ ಹಿಂದಿನ ಸ್ಲ್ಯಾಬು ತುಸು ಎತ್ತರಕ್ಕೆ, ಮುಂದಿನದು ತುಸು ತಗ್ಗಿಗೆ ಬಂದು ಸಂದಿನಲ್ಲಿ ಮೆಟ್ಟಿಲು ಏಳುತ್ತದೆ. ಬಸ್ಸಿನಲ್ಲಿ ಕೂತವರಿಗೆ ರೈಲಿನಂತೆ ಟಕ್ ಟಕ್ ಕೇಳತೊಡಗುತ್ತದೆ. ಮುಂದಿನ ಸ್ಲ್ಯಾಬಿನ ಮೂಲೆಯ ಕೆಳಗೆ ಟೊಳ್ಳು. ಒತ್ತಡ ಅನುಪಾತ 0.45ರ ಕೆಳಗಿದ್ದ ಕಾಲ ಅಲ್ಲಿಗೆ ತೀರಿತು. ಒಂದು ದಿನ ಮೂಲೆ ಮುರಿಯುತ್ತದೆ.

ಇದು ಊಹೆಯ ಮಾತಲ್ಲ. ರಸ್ತೆಗಳ ಬಾಳಿಕೆಯನ್ನು ಅಳೆಯಲು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಆಶೋ ರಸ್ತೆ ಪರೀಕ್ಷೆ ನಡೆಯಿತು. ಬೇರೆಬೇರೆ ದಪ್ಪದ ಡಾಂಬರು ಮತ್ತು ಕಾಂಕ್ರೀಟ್ ತುಂಡುಗಳ ಮೇಲೆ ಭಾರ ತುಂಬಿದ ಲಾರಿಗಳನ್ನು ಹಗಲು ರಾತ್ರಿ ಓಡಿಸಿ 11 ಲಕ್ಷಕ್ಕೂ ಹೆಚ್ಚು ಅಚ್ಚುಗಳ ಹೊಡೆತ ಕೊಟ್ಟರು. ಅಲ್ಲಿ ಕೆಟ್ಟುಹೋದ ಕಾಂಕ್ರೀಟ್ ತುಂಡುಗಳಲ್ಲಿ ಮೊದಲು ಕಾಣಿಸಿಕೊಂಡದ್ದು ಹೀಗೆ ತಳಪದರದ ಮಣ್ಣು ಉಗುಳುವುದೇ. ಅಚ್ಚಿನ ಭಾರ ಹೆಚ್ಚಿದಂತೆ ಹಾನಿ ಸುಮಾರು ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆ ಎಂಬ ನಿಯಮವೂ ಅಲ್ಲಿಂದಲೇ ಬಂತು. ಭಾರತದಲ್ಲಿ ನಾಲ್ಕು ಟೈರಿನ ಒಂಟಿ ಅಚ್ಚಿನ ಕಾನೂನುಬದ್ಧ ಮಿತಿಯನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಕೇಳಲು ಸಣ್ಣ ಏರಿಕೆ; ಆ ನಿಯಮದ ಪ್ರಕಾರ ಒಂದೊಂದು ಅಚ್ಚಿನ ಹಾನಿ ಸುಮಾರು ಶೇ. 60ರಷ್ಟು ಹೆಚ್ಚು. ಕಾನೂನಿನ ಒಳಗಿನ ಮಾತಾಯಿತು ಇದು. ದೇವದುರ್ಗದ ಕಡೆಯಿಂದ ಕೃಷ್ಣಾ ತೀರದ ಉಸುಕು ತುಂಬಿ ಬರುವ ಟಿಪ್ಪರುಗಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಹಾರುಬೂದಿ ಹೊತ್ತು ಹೊರಡುವ ಟ್ಯಾಂಕರುಗಳು, ಮಾನ್ವಿಯ ಅಕ್ಕಿ ಗಿರಣಿಗಳ ಲಾರಿಗಳು, ರಾಯಚೂರು ಮಾರುಕಟ್ಟೆಗೆ ಹತ್ತಿ ತರುವ ಗಾಡಿಗಳು ಇವೆಲ್ಲ ಎಷ್ಟು ಭಾರ ಹೊತ್ತಿವೆ ಎಂಬುದನ್ನು ವಿನ್ಯಾಸಕ್ಕೆ ಮುನ್ನ ಅಚ್ಚುಅಚ್ಚಾಗಿ ತೂಗಿ ನೋಡಬೇಕು. ಐಆರ್‌ಸಿ:58 ಕೇಳುವುದೂ ಅಚ್ಚುಗಳ ಭಾರದ ಹಂಚಿಕೆಯನ್ನೇ, ಬರೀ ಗಾಡಿಗಳ ಎಣಿಕೆಯನ್ನಲ್ಲ.

ರಾಯಚೂರಿನ ಬಿಸಿಲು ಈ ಕಥೆಯಲ್ಲಿ ಎರಡು ಸಲ ಬರುತ್ತದೆ: ಹಾಸುವ ದಿನ ಒಮ್ಮೆ, ಆಮೇಲೆ ಪ್ರತಿದಿನ. ಹಾಸುವ ಹೊತ್ತಿಗೆ ಕಾಂಕ್ರೀಟಿನ ಉಷ್ಣತೆ 30 ಡಿಗ್ರಿ ಮೀರಬಾರದು ಎಂದು ಸಚಿವಾಲಯದ 2013ರ ನಿರ್ದಿಷ್ಟತೆ ಹೇಳಿತ್ತು. 40 ಡಿಗ್ರಿ ದಾಟುವ ಸೀಮೆಯಲ್ಲಿ ಬಿಲ್ಲಿನ ವರ್ಷ ಮಾರ್ಚಿಗೆ ಮುಗಿಯುತ್ತದೆಂದು ಕಾಮಗಾರಿಗಳು ಬಿಸಿಲೇರುವ ತಿಂಗಳುಗಳಿಗೇ ಗುಂಪುಗೂಡುತ್ತವೆ. ಮೇಲ್ಮೈ ನೀರು ಆರಿ, ಗಂಟೆಗಳಲ್ಲೇ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಗರಗಸ ಹಾಕುವುದು ಅರ್ಧ ದಿನ ತಡವಾದರೆ ಸ್ಲ್ಯಾಬು ತನ್ನಿಷ್ಟದ ಕಡೆ ಸೀಳಿಕೊಳ್ಳುತ್ತದೆ. ಗೋಣಿತಟ್ಟು ಹೊದಿಸಿ, ಎರಡು ವಾರ ಅದು ಒಣಗದಂತೆ ನೀರುಣಿಸಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ ಆ ಎರಡು ವಾರ ಎಷ್ಟು ದಿನಕ್ಕೆ ಇಳಿಯುತ್ತದೆ ಎಂಬುದು ಗುಟ್ಟಿನ ಸಂಗತಿಯಲ್ಲ. ಹಾರುಬೂದಿಯ ಮಾತು ಇಲ್ಲಿಗೇ ಸೇರಬೇಕು. 1985ರಿಂದ ಓಡುತ್ತಿರುವ ಶಕ್ತಿನಗರದ ಸ್ಥಾವರ, ಹತ್ತಿರದಲ್ಲೇ ಯರಮರಸ್ಸಿನದು. ಉಷ್ಣ ಸ್ಥಾವರದ 300 ಕಿ.ಮೀ. ಸುತ್ತಿನ ರಸ್ತೆ ಕಾಮಗಾರಿಗಳಿಗೆ ಬೂದಿ ಬಳಸಬೇಕೆಂಬ ಕೇಂದ್ರದ ಅಧಿಸೂಚನೆಯೂ ಇದೆ. ಬೂದಿ ಬೆರೆಸಿದ ಕಾಂಕ್ರೀಟು ಕೊನೆಗೆ ಒಳ್ಳೆಯದೇ, ನೀರು ಕಡಿಮೆ ಇಳಿಯುತ್ತದೆ. ಆದರೆ ಬಲ ಮೆಲ್ಲಗೆ ಬರುತ್ತದೆ, ನೀರುಣಿಸುವುದು ಇನ್ನೂ ಹೆಚ್ಚು ದಿನ ಬೇಕು. ನೀರು ಉಳಿಸಿ ಬೂದಿ ಬೆರೆಸಿದರೆ ಎರಡೂ ಕಡೆಯಿಂದ ನಷ್ಟ.

ಆಮೇಲಿನ ಪ್ರತಿದಿನದ ಬಿಸಿಲು ಸ್ಲ್ಯಾಬನ್ನು ಬಗ್ಗಿಸುತ್ತದೆ. ಹಗಲು ಮೇಲ್ಮೈ ಕಾದು ಹಿಗ್ಗಿ ನಡುಭಾಗ ಉಬ್ಬುತ್ತದೆ. ಆಗ ಲಾರಿ ಏರಿದರೆ ಕೆಳಗಿನ ಮೈ ಎಳೆಯುತ್ತದೆ. ನಡುರಾತ್ರಿಯ ನಂತರ ಮೇಲ್ಮೈ ತಂಪಾಗಿ ಮೂಲೆಗಳು ಮೇಲೆದ್ದು ನೆಲ ಬಿಡುತ್ತವೆ. ಆಗ ಲಾರಿಯ ಮುಂದಿನ ಅಚ್ಚು ಸ್ಲ್ಯಾಬಿನ ಒಂದು ತುದಿಗೆ, ಹಿಂದಿನ ಅಚ್ಚು ಇನ್ನೊಂದು ತುದಿಗೆ ಕೂತರೆ ಮೇಲಿನ ಮೈ ಸೀಳುತ್ತದೆ. 2011ರ ಪರಿಷ್ಕರಣೆಯಲ್ಲಿ ಐಆರ್‌ಸಿ:58 ಇವೆರಡನ್ನೂ ಬೇರೆಬೇರೆಯಾಗಿ ಲೆಕ್ಕಕ್ಕೆ ತಂದಿತು. ರಾತ್ರಿ ಹನ್ನೆರಡರಿಂದ ಆರರ ನಡುವೆ ಎಷ್ಟು ಲಾರಿ ಓಡುತ್ತವೆ ಎಂಬುದು ಆ ಲೆಕ್ಕಕ್ಕೆ ಬೇಕೇಬೇಕು. ಭಾರದ ಗಾಡಿಗಳು ರಾತ್ರಿಯನ್ನೇ ನೆಚ್ಚಿಕೊಂಡ ಈ ದಾರಿಗಳಲ್ಲಿ ಹಗಲಿನ ಎಣಿಕೆಯಿಂದ ತಯಾರಾದ ವರದಿಗೆ ಬೆಲೆಯಿಲ್ಲ.

ಇಷ್ಟೆಲ್ಲದರ ಎದುರಿಗೆ ಈಗ ನಡೆಯುತ್ತಿರುವ ಮೌಲ್ಯಮಾಪನ ಯಾವುದು? ಹಾಸಿದ 28 ದಿನಕ್ಕೆ ಘನಗಳನ್ನು ಒಡೆಯುತ್ತಾರೆ, ಅಲ್ಲಲ್ಲಿ ಕೊರೆದು ದಪ್ಪ ನೋಡುತ್ತಾರೆ, ಮೇಲ್ಮೈಯ ಸಮತಟ್ಟು ಅಳೆಯುತ್ತಾರೆ, ಬಿಲ್ಲು ಪಾಸಾಗುತ್ತದೆ. ಎಲ್ಲವೂ ಹುಟ್ಟಿದ ದಿನದ ಅಳತೆಗಳು. ಕೂಸು ಹುಟ್ಟಿದಾಗಿನ ತೂಕ ನೋಡಿ ಅದರ ಮುಪ್ಪನ್ನು ಹೇಳಿದಂತೆ. ಹೈಬ್ರಿಡ್ ಆನ್ಯುಯಿಟಿ ಮಾದರಿಯ ಹೆದ್ದಾರಿಗಳಲ್ಲಿ ಗುತ್ತಿಗೆದಾರರ ನಿರ್ವಹಣೆಯ ಹೊಣೆ ಮುಗಿಯುವುದು 15 ವರ್ಷಕ್ಕೆ. ಉಳಿದ 15 ವರ್ಷ ಆ ರಸ್ತೆಯ ಕಾಗದಗಳಲ್ಲಿ ಯಾರ ಹೊಣೆಯಾಗಿ ನಿಲ್ಲುತ್ತದೆ? ಹಳ್ಳಿಯ ಸಿಸಿ ರಸ್ತೆಗಳ ಗತಿ ಇನ್ನೂ ಕಷ್ಟದ್ದು. ಸಂದು ಕತ್ತರಿಸುವುದನ್ನೇ ಬಿಟ್ಟ ಓಣಿಗಳುಂಟು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ನಳದ ಪೈಪಿಗಾಗಿ ಸ್ಲ್ಯಾಬನ್ನು ಉದ್ದಕ್ಕೆ ಅಗೆದು, ಮಣ್ಣು ಮುಚ್ಚಿ, ಮೇಲೆ ಒಂದು ಪದರ ಕಾಂಕ್ರೀಟು ಬಳಿದ ಓಣಿಗಳೂ ಉಂಟು. ಅಗೆದ ಆ ಗೆರೆ ನೀರಿಗೆ ಬಾಗಿಲು. ಇಂಥ ರಸ್ತೆಗೂ ದಾಖಲೆಯಲ್ಲಿ ಅದೇ ಆಯುಷ್ಯ.

ದೀರ್ಘಕಾಲದ ಮೌಲ್ಯಮಾಪನ ಎಂದರೆ ಏನೆಂಬುದಕ್ಕೆ ಮಾದರಿಯಿದೆ. ಅಮೆರಿಕ ಮತ್ತು ಕೆನಡಾ 1987ರಲ್ಲಿ ಆರಂಭಿಸಿದ ದೀರ್ಘಾವಧಿ ರಸ್ತೆ ಕಾರ್ಯಕ್ಷಮತೆ ಕಾರ್ಯಕ್ರಮ 2,500ಕ್ಕೂ ಹೆಚ್ಚು ರಸ್ತೆ ತುಂಡುಗಳನ್ನು ಗುರುತಿಸಿ, ದಶಕಗಳ ಕಾಲ ಅವೇ ತುಂಡುಗಳಿಗೆ ಮತ್ತೆ ಮತ್ತೆ ಹೋಗಿ ಅಳೆಯುತ್ತ ಬಂತು. ಕಾಂಕ್ರೀಟ್ ತುಂಡುಗಳಲ್ಲಿ ಕಂಡ ಒಂದು ಸಂಗತಿ ಇಲ್ಲಿಗೆ ನೇರ ಸಂಬಂಧಿಸಿದ್ದು: ನೀರು ಬಸಿದುಹೋಗುವಂತೆ ಡಾಂಬರು ಬೆರೆಸಿ ಮಾಡಿದ ತಳಪದರದ ಮೇಲಿನ ಸ್ಲ್ಯಾಬುಗಳು, ಸಿಮೆಂಟ್ ಕಡಿಮೆ ಹಾಕಿದ ಬಿಗಿಯಾದ ಲೀನ್ ಕಾಂಕ್ರೀಟ್ ತಳದ ಮೇಲಿನವುಗಳಿಗಿಂತ ಕಡಿಮೆ ಸೀಳಿದವು. ನಮ್ಮ ಹೆದ್ದಾರಿಗಳ ಸ್ಲ್ಯಾಬಿನ ಕೆಳಗೆ ಹಾಕುವುದು 15 ಸೆಂ.ಮೀ. ದಪ್ಪದ ಒಣ ಲೀನ್ ಕಾಂಕ್ರೀಟನ್ನೇ. ಎರೆ ನೆಲದಲ್ಲಿ ಅದು ಎಷ್ಟು ವರ್ಷಕ್ಕೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೇಳಬೇಕಾದದ್ದು ಎರೆ ನೆಲದ ಅಳತೆಗಳೇ. ಅದಕ್ಕೆ ಬೇಕಾದ ಉಪಕರಣ ದೇಶದಲ್ಲಿದೆ. ಭಾರ ಬೀಳಿಸಿ ಸ್ಲ್ಯಾಬಿನ ತಗ್ಗು ಅಳೆಯುವ ಯಂತ್ರದಿಂದ ಕಾಂಕ್ರೀಟ್ ರಸ್ತೆ ಪರೀಕ್ಷಿಸುವ ವಿಧಾನವನ್ನು ಐಆರ್‌ಸಿ:117 ಎಂಬ ಮಾರ್ಗಸೂಚಿ 2015ರಲ್ಲೇ ವಿವರಿಸಿದೆ. ಸಂದಿನ ಈಚೆ ಭಾರ ಬೀಳಿಸಿದಾಗ ಆಚೆಯ ಸ್ಲ್ಯಾಬು ಎಷ್ಟು ಜೊತೆಗೂಡುತ್ತದೆ, ಮೂಲೆಯ ಕೆಳಗೆ ಟೊಳ್ಳಿದೆಯೇ ಎಂಬುದು ಸೀಳು ಕಾಣುವುದಕ್ಕೆ ವರ್ಷಗಳ ಮೊದಲೇ ಗೊತ್ತಾಗುತ್ತದೆ. ಯಂತ್ರ ಬರುವ ತನಕ ಕಬ್ಬಿಣದ ಸಲಾಕೆಯೂ ಸಾಕು: ಗಟ್ಟಿ ಕೂತ ಸ್ಲ್ಯಾಬಿಗೂ ಟೊಳ್ಳು ಸ್ಲ್ಯಾಬಿಗೂ ಬಡಿದಾಗಿನ ದನಿ ಬೇರೆ.

ಕಾಂಕ್ರೀಟಿನ ಪರವಾಗಿ ತೋರಿಸುವ ಉದಾಹರಣೆಗಳನ್ನೂ ನೋಡಿಬಿಡಬೇಕು. ಮುಂಬಯಿಯ ಮರೀನ್ ಡ್ರೈವಿನ ಹಳೆಯ ಕಾಂಕ್ರೀಟು ದಶಕಗಟ್ಟಲೆ ಬಾಳಿತು, ನಿಜ. ಅದರ ಮೇಲೆ ಓಡಿದ್ದು ಹೆಚ್ಚಾಗಿ ಹಗುರ ವಾಹನ, ಉಸುಕಿನ ಟಿಪ್ಪರುಗಳಲ್ಲ. ರಾಯಚೂರು 1956ರ ತನಕ ಸೇರಿದ್ದ ಹೈದರಾಬಾದ್ ರಾಜ್ಯದ ರಾಜಧಾನಿಯಲ್ಲಿ ನಿಜಾಮರ ಕಾಲಕ್ಕೇ ಕಾಂಕ್ರೀಟ್ ಬೀದಿಗಳಿದ್ದವು, ಅವೂ ಬಹುಕಾಲ ನಡೆದವು. ಹೈದರಾಬಾದು ಕೂತಿರುವುದು ಗ್ರಾನೈಟಿನ ಮೇಲೆ. ಶಿರಾಡಿ ಘಾಟಿಗೆ 2015 ಮತ್ತು 2018ರಲ್ಲಿ ಎರಡು ಹಂತದಲ್ಲಿ ಕಾಂಕ್ರೀಟು ಬಿತ್ತು; ಅಲ್ಲಿ ಮಳೆ ಜೋರು, ಆದರೆ ನೆಲ ಎರೆಯಲ್ಲ, ಇಳಿಜಾರಿನಲ್ಲಿ ನೀರು ನಿಲ್ಲುವುದೂ ಇಲ್ಲ. ರಾಯಚೂರು ನಗರದೊಳಗೇ ಕೋಟೆಯ ಗುಡ್ಡದ ಬಂಡೆಯ ಸುತ್ತಿನ ಓಣಿಗೂ, ಊರ ಹೊರಗಿನ ಎರೆ ಹೊಲದಲ್ಲಿ ಎದ್ದ ಬಡಾವಣೆಯ ರಸ್ತೆಗೂ ಒಂದೇ ಆಯುಷ್ಯ ಹೇಳಲಾಗದು. ಇನ್ನು ಡಾಂಬರು ಇಲ್ಲಿ ಮಳೆಗಾಲಕ್ಕೊಮ್ಮೆ ಕಿತ್ತುಹೋಗುತ್ತದಲ್ಲ ಎಂಬ ಪ್ರಶ್ನೆ. ಕಿತ್ತುಹೋಗುತ್ತದೆ, ಜನರ ಸಿಟ್ಟು ಸಕಾರಣ. ಆದರೆ ಅದು ಕಿತ್ತುಹೋಗುವುದು ಕೆಳಗಿನ ಎರೆಯಿಂದ, ಪಕ್ಕದಲ್ಲಿ ಗಟಾರವಿಲ್ಲದ್ದರಿಂದ, ತೆಳ್ಳನೆಯ ಪದರದಿಂದ. ಈ ಮೂರನ್ನು ಸರಿಪಡಿಸಿದ ಡಾಂಬರು ರಸ್ತೆಯನ್ನೂ ಇವುಗಳನ್ನು ಸರಿಪಡಿಸಿದ ಕಾಂಕ್ರೀಟ್ ರಸ್ತೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಅನಾಥ ಡಾಂಬರನ್ನು ಹೊಸ ಕಾಂಕ್ರೀಟಿನ ಜೊತೆ ತೂಗುವುದು ಹೋಲಿಕೆಯಲ್ಲ. ಕೆಟ್ಟ ಮೇಲಿನ ಖರ್ಚನ್ನೂ ತಕ್ಕಡಿಗೆ ಹಾಕಬೇಕು: ಸೀಳಿದ ಸ್ಲ್ಯಾಬನ್ನು ಪೂರ್ತಿ ಒಡೆದು ತೆಗೆದು, ಡೋವೆಲ್ ಕೂರಿಸಿ, ಹೊಸದಾಗಿ ಹಾಸಿ, ಮತ್ತೆ ನೀರುಣಿಸಿ, ಅಷ್ಟು ದಿನ ಅರ್ಧ ರಸ್ತೆ ಮುಚ್ಚಿಡುವ ಖರ್ಚು.

ಎರೆ ಸೀಮೆಯಲ್ಲಿ ಕಾಂಕ್ರೀಟೇ ಬೇಕೆಂದಾದರೆ ಅದಕ್ಕೂ ದಾರಿಯಿದೆ, ಅದು ಸ್ಲ್ಯಾಬಿನಿಂದ ಶುರುವಾಗುವುದಿಲ್ಲ. ಮೇಲಿನ ಎರೆಯನ್ನು ತೆಗೆದು ಉಬ್ಬದ ಗರಸು ತುಂಬುವುದು ಅಥವಾ ಸುಣ್ಣ ಬೆರೆಸಿ ಎರೆಯ ಉಬ್ಬುವ ಗುಣವನ್ನು ಇಳಿಸುವುದು. ಶಕ್ತಿನಗರದ ಬೂದಿಗೂ ಈ ಕೆಲಸದಲ್ಲಿ ಜಾಗವಿದೆ. ಗದ್ದೆಯ ನೀರು ರಸ್ತೆಯ ಅಡಿಗೆ ಹಾಯದಂತೆ ಆಳದ ಬಸಿಗಾಲುವೆ. ಅಂಚಿನ ತೇವ ಏರಿಳಿಯದಂತೆ ಸ್ಲ್ಯಾಬಿಗೆ ಬಿಗಿದ ಕಾಂಕ್ರೀಟಿನದೇ ಬದಿ. ಜಾಲಿಯನ್ನು ರಸ್ತೆಯಿಂದ ದೂರ ಇಡುವುದು. ಆಮೇಲೆ ಸ್ಲ್ಯಾಬು, ಅದಕ್ಕೊಂದು ದಫ್ತರ. ಎರಡು ಪಥದ ಹತ್ತು ಕಿಲೋಮೀಟರಿಗೆ ಸುಮಾರು 4,400 ಸ್ಲ್ಯಾಬುಗಳು. ಪ್ರತಿಯೊಂದಕ್ಕೂ ಸಂಖ್ಯೆ, ಹಾಸಿದ ತಾರೀಖು, ಆ ದಿನದ ಉಷ್ಣತೆ, ಸಂದು ಕತ್ತರಿಸಿದ ಗಂಟೆ, ಕೆಳಗಿನ ಮಣ್ಣಿನ ಮುಕ್ತ ಉಬ್ಬು. ವರ್ಷಕ್ಕೆ ಎರಡು ಓದು: ಕಾಲುವೆಗೆ ನೀರು ಹರಿಯುತ್ತಿರುವಾಗ ಒಂದು, ಬೇಸಿಗೆಯಲ್ಲಿ ಕಾಲುವೆ ನಿಂತು ಹೊಲ ಸೀಳು ಬಿಟ್ಟಾಗ ಇನ್ನೊಂದು. ಪ್ರತಿ ಓದಿನಲ್ಲೂ ಸಂದಿನ ಮೆಟ್ಟಿಲು ಎಷ್ಟು ಮಿಲಿಮೀಟರ್, ಸೀಲಂಟ್ ಎಷ್ಟು ಕಿತ್ತಿದೆ, ಅಂಚಿನಲ್ಲಿ ಕಪ್ಪು ಕಲೆಯಿದೆಯೇ, ಯಾವ ಮೂಲೆ ಟೊಳ್ಳು ದನಿ ಕೊಡುತ್ತದೆ, ಯಾವ ಸೀಳು ಎಷ್ಟು ಉದ್ದ. ಟೊಳ್ಳು ಸಿಕ್ಕ ವರ್ಷವೇ ಅದರೊಳಗೆ ಸಿಮೆಂಟ್ ಗ್ರೌಟ್ ತುಂಬಿಸುವ, ಕಿತ್ತ ಸೀಲಂಟನ್ನು ಮುಂಗಾರಿಗೆ ಮುನ್ನ ಬದಲಿಸುವ ಹಣವನ್ನು ರಸ್ತೆಯ ಮೂಲ ಅಂದಾಜಿನಲ್ಲೇ ತೆಗೆದಿಡಬೇಕು. ಆ ದಫ್ತರ ಕಚೇರಿಯ ಬೀರುವಿನಲ್ಲಿ ಉಳಿಯದೆ, ರಸ್ತೆ ಹಾದುಹೋಗುವ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಕಾಮಗಾರಿಯ ಮೊತ್ತ ಬರೆದ ಫಲಕದ ಪಕ್ಕದಲ್ಲೇ ಜನರ ಕೈಗೆ ಸಿಗುವಂತಿರಬೇಕು.